ಅರ್ಧ ಲಕ್ಷದ ಬ್ಲೆಂಡರ್‌ನಲ್ಲಿ ಗಸಿ ಮಸಾಲೆ: ನನ್ನ ಅನುಭವ

ಕಾಯಿ ಹಾಕಿದ ಮಸಾಲೆ ಜ್ಯೂಸ್ ಅಂಗಡಿಯ ವಿದೇಶಿ ಬ್ಲೆಂಡರ್‌ನಲ್ಲಿ ಆಗುವುದಿಲ್ಲ, ಅದಕ್ಕೆ ಕಲ್ಲೇ ಬೇಕು ಅಂತ ನನಗೆ ಹೇಳದವರಿಲ್ಲ. ಮುಂಬೈಯ ಘಾಟ್‌ಕೋಪರ್‌ನಲ್ಲಿ ಹೋಟೆಲ್ ಇಟ್ಟಿರುವ ಭಾವ ಹೇಳಿದರು, ಮಿಕ್ಸಿ ರಿಪೇರಿಯವನು ಹೇಳಿದ, ಹೆಂಡತಿ ಹೇಳಿ ಹೇಳಿ ಸಾಕಾಗಿ ಸುಮ್ಮನಾದಳು. ಈಗ ಡೊಂಬಿವಲಿಯ ನಮ್ಮ ಅಡುಗೆಮನೆಯಿಂದ ದಿನಕ್ಕೆ 12-13 ಕೆಜಿ ಗಸಿ (ಕಾಯಿ ಅರೆದು ಮಾಡುವ ಗಟ್ಟಿ ಪದಾರ್ಥ) ಮಸಾಲೆ ಅದೇ ಬ್ಲೆಂಡರ್‌ನಿಂದ ಇಳಿಯುತ್ತಿದೆ. ಅದರಲ್ಲಿ 4 ಕೆಜಿ ಹೋಗುವುದು ಭಾವನ ಹೋಟೆಲಿಗೇ. ಹಾಗಾಗಿ ಬರೆಯುವ ಹಕ್ಕು ಬಂದಿದೆ ಅಂದುಕೊಂಡಿದ್ದೇನೆ.

ಮೊದಲು ನಮ್ಮಲ್ಲಿ ಇದ್ದದ್ದು ಎರಡು 750 ವ್ಯಾಟ್ ಮಿಕ್ಸಿ, ಒಂದು 2 ಲೀಟರಿನ ಗ್ರೈಂಡರ್. ಗ್ರೈಂಡರಿನ ಮಸಾಲೆಗೆ ಎರಡು ಮಾತಿಲ್ಲ. ಆದರೆ ಒಂದು ಸಲಕ್ಕೆ 40-45 ನಿಮಿಷ ಬೇಕು, ತೊಳೆಯೋಕೆ ಇನ್ನೊಂದು ಕಾಲು ಗಂಟೆ. ಮಿಕ್ಸಿ ಬೇಗ ಆಗುತ್ತೆ, ಆದರೆ ಮನೆ ಮಿಕ್ಸಿ ಮಾಡಿರುವುದೇ ಮನೆಗೆ. ಅಡಿಯಲ್ಲಿ 30 ನಿಮಿಷ ರೇಟಿಂಗ್ ಅಂತ ಬರೆದಿರುತ್ತೆ, ಅದೂ 5 ನಿಮಿಷ ಓಡಿಸಿ 2 ನಿಮಿಷ ಬಿಡುವು ಕೊಡುವ ಲೆಕ್ಕದಲ್ಲಿ. ನಾವು ಓಡಿಸುತ್ತಿದ್ದದ್ದು ಬೆಳಿಗ್ಗೆ ಮೂರು ಗಂಟೆ! ಅಡಿಯ ಕೆಂಪು ಬಟನ್ ಹಾರುವುದು, ಕಪ್ಲರ್ ಹಲ್ಲು ಸವೆಯುವುದು, ಜಾರಿನ ಬುಶ್ ಹೋಗಿ ಕೆಳಗಿನಿಂದ ಮಸಾಲೆ ನೀರು ಜಿನುಗಿ ಮೋಟಾರಿಗೆ ಇಳಿಯುವುದು, ಎಲ್ಲ ದಿನನಿತ್ಯದ ಕಥೆ. ಕಪ್ಲರ್‌ಗೆ 50-60 ರೂಪಾಯಿ, ಬುಶ್ ಬ್ಲೇಡ್ ಸೇರಿ 250, ಮೋಟಾರ್ ರಿವೈಂಡಿಂಗ್ ಅಂದರೆ 1,200ರ ಆಸುಪಾಸು. ಒಂದು ವರ್ಷ ಚೀಟಿಗಳನ್ನೆಲ್ಲ ಡಬ್ಬಿಯಲ್ಲಿ ಹಾಕಿಟ್ಟು ಕೂಡಿಸಿ ನೋಡಿದರೆ ರಿಪೇರಿಗೇ 9 ಸಾವಿರದ ಹತ್ತಿರ. ಇಷ್ಟಾಗಿಯೂ ದಿನಕ್ಕೆ 6 ಕೆಜಿ ದಾಟುತ್ತಿರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಮ್ಮ ಮಿಕ್ಸಿ ಇದೆಯಲ್ಲ, ಅದು ಹುಟ್ಟಿದ್ದೇ ವಿದೇಶಿ ಯಂತ್ರ ನಮ್ಮ ಅಡುಗೆಗೆ ಸೋತದ್ದರಿಂದ, ಅದೂ ಇದೇ ಮುಂಬೈಯಲ್ಲಿ. 1960ರ ದಶಕದಲ್ಲಿ ಸೀಮೆನ್ಸ್‌ನಲ್ಲಿ ಎಂಜಿನಿಯರ್ ಆಗಿದ್ದ ಸತ್ಯಪ್ರಕಾಶ್ ಮಾಥೂರ್ ಅವರ ಮನೆಯ ಜರ್ಮನ್ ಮಿಕ್ಸರ್ ಕೆಟ್ಟು ನಿಂತಿತು, ಸರಿ ಮಾಡುವವರು ಸಿಗಲಿಲ್ಲ. ಹೆಂಡತಿ ಮಾಧುರಿ, ನೀವೇ ಒಂದು ಮಾಡಿಕೊಡಿ ಅಂದರು. ಹಾಗೆ ಬಂದದ್ದು ಸುಮೀತ್ ಮಿಕ್ಸಿ. ಭಾವ ಈ ಕಥೆಯನ್ನೇ ನನ್ನ ಮೇಲೆ ಎಸೆಯುತ್ತಿದ್ದರು: "ಆಗಲೇ ಫಾರಿನ್ ಮಿಕ್ಸರ್ ನಮ್ಮ ಮಸಾಲೆಗೆ ಆಗದು ಅಂತ ಗೊತ್ತಾಗಿದೆ ಮಾರಾಯ, ನೀನು ಮತ್ತೆ ಅದನ್ನೇ ತರ್ತೀಯಲ್ಲ." ಮಾತು ಸುಳ್ಳಲ್ಲ. ಆದರೆ ಈಗಿನ ಈ ಯಂತ್ರಗಳ ಮೋಟಾರ್ 1,400 ವ್ಯಾಟ್. ಶಕ್ತಿಯ ಕೊರತೆ ಅಲ್ಲ, ಜಾರಿನ ಆಕಾರದ ತಕರಾರು ಅಂತ ನನಗೆ ಅನುಮಾನ ಇತ್ತು.

ಹೊಸದಕ್ಕೆ ಆಗ 55-60 ಸಾವಿರ. ಅಷ್ಟು ಕೊಡುವ ತಾಕತ್ತು ಇರಲಿಲ್ಲ, ಇದ್ದಿದ್ದರೂ ಕೊಡುತ್ತಿರಲಿಲ್ಲ. ಮುಂಬೈಯಲ್ಲಿ ಕೆಫೆಗಳು ತೆರೆಯುವಷ್ಟೇ ಬೇಗ ಮುಚ್ಚುತ್ತವೆ, ಅಲ್ವಾ? ಬಾಂದ್ರಾದಲ್ಲಿ ಬಾಗಿಲು ಹಾಕಿದ ಒಂದು ಜ್ಯೂಸ್ ಅಂಗಡಿಯವರು ಫ್ರಿಜ್, ಕುರ್ಚಿ, ಬ್ಲೆಂಡರ್ ಎಲ್ಲ ಮಾರುತ್ತಿದ್ದರು. 38 ಕೇಳಿದರು, 29 ಸಾವಿರಕ್ಕೆ ಮುಗಿಯಿತು. ದಾದರ್‌ನಲ್ಲಿ ಗಾಡಿ ಬದಲಿಸಿ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ಮಧ್ಯೆ ನಿಂತು ತಂದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಮೋಟಾರ್ ಸದ್ದು ಕೇಳಿ ತಲೆದೂಗಬೇಡಿ, ಮೋಟಾರ್ ಸುಲಭಕ್ಕೆ ಸಾಯುವುದಿಲ್ಲ. ಜಾರ್ ತಲೆಕೆಳಗು ಮಾಡಿ ಅಡಿಯ ಮೂತಿಯನ್ನು ಬೆರಳಲ್ಲಿ ತಿರುಗಿಸಿ. ಸ್ವಲ್ಪ ಬಿಗಿಯಾಗಿ ತಿರುಗಬೇಕು. ಸಲೀಸಾಗಿ ಗಿರ್ರನೆ ತಿರುಗಿದರೆ, ಅಥವಾ ಅಲುಗಾಡಿದರೆ, ಬೇರಿಂಗ್ ಹೋಗಿದೆ. ನನ್ನದು ಹೋಗಿತ್ತು, ಅದಕ್ಕೇ 38 ಇದ್ದದ್ದು 29ಕ್ಕೆ ಇಳಿದದ್ದು. ಹೊಸ ಜಾರಿಗೆ 14 ಸಾವಿರ ಚಿಲ್ಲರೆ ಬಿತ್ತು. ಒಂದು ಪ್ಲಾಸ್ಟಿಕ್ ಜಾರಿಗೆ! ಆ ದುಡ್ಡಿಗೆ ಎರಡು ಒಳ್ಳೆಯ ಮಿಕ್ಸಿ ಬರುತ್ತವೆ. ಇಂಥ ಯಂತ್ರದ ಬೆಲೆ ಕೇಳುವ ಮೊದಲು ಜಾರಿನ ಬೆಲೆ ಕೇಳಿ, ಆಮೇಲೆ ಮುಂದಿನ ಮಾತು. ಮೋಟಾರ್ ಮೇಲೆ ಕೂರುವ ಹಲ್ಲಿನ ಬಟ್ಟಲು ಮಾತ್ರ ಸಸ್ತಾ, ಏನಾದರೂ ಸಿಕ್ಕಿಬಿದ್ದರೆ ಮೋಟಾರ್ ಉಳಿಯಲಿ ಅಂತ ಅದು ತಾನೇ ಸವೆದು ಹೋಗುತ್ತೆ. ಒಂದು ಎಕ್ಸ್‌ಟ್ರಾ ಇಟ್ಟುಕೊಳ್ಳಿ.

ಈಗ ಅಸಲು ವಿಷಯ. ಮಿಕ್ಸಿಗೆ ಹಾಕುವ ಹಾಗೇ ಹುರಿದ ಬ್ಯಾಡಗಿ, ಕೊತ್ತಂಬರಿ, ಜೀರಿಗೆ, ಬೆಳ್ಳುಳ್ಳಿ, ಕಾಯಿತುರಿ ಹಾಕಿ, ಚೂರು ನೀರು ಬಿಟ್ಟು, ವೇಗದ ಗುಂಡಿಯನ್ನು 1ರಿಂದ ಸೀದಾ ಕೊನೆಯ 10ಕ್ಕೆ ತಿರುಗಿಸಿದರೆ ಏನೂ ಆಗುವುದಿಲ್ಲ. ಸದ್ದು ಇದ್ದಕ್ಕಿದ್ದ ಹಾಗೆ ಹಗುರಾಗುತ್ತೆ. ಬ್ಲೇಡಿನ ಸುತ್ತ ಒಂದು ಗಾಳಿಯ ಗುಂಡಿ, ಮಸಾಲೆಯೆಲ್ಲ ಗೋಡೆಗೆ ಅಂಟಿ ತಮಾಷೆ ನೋಡುತ್ತಿರುತ್ತೆ. ಮಿಕ್ಸಿ ಜಾರ್ ಕಿರಿದು, ಬ್ಲೇಡ್ ಹರಿತ. ಈ ಯಂತ್ರದ ಬ್ಲೇಡ್ ಮೊಂಡು ಉಕ್ಕು, ಅದು ಕತ್ತರಿಸುವುದಿಲ್ಲ, ಚಚ್ಚುತ್ತದೆ. ಚಚ್ಚಬೇಕಾದರೆ ಮಾಲು ತಾನಾಗಿ ಸುಳಿ ಸುತ್ತಿ ಬ್ಲೇಡಿಗೆ ಬಂದು ಬೀಳಬೇಕು.

ಸುಳಿ ಬರಲಿ ಅಂತ ನೀರು ಜಾಸ್ತಿ ಮಾಡಿದೆ. ನುಣ್ಣಗೆ ಬಂತು, ಭಾವನಿಗೆ ಕಳಿಸಿದೆ. ಸಂಜೆ ಫೋನ್: "ಇದೆಂಥದು, ಗಸಿಯೋ ಸಾರೋ? ಒಲೆ ಮೇಲೆ ಅರ್ಧ ಗಂಟೆ ಬತ್ತಿಸಿದರೂ ಕೋಳಿ ಒಂದು ಕಡೆ, ನೀರು ಒಂದು ಕಡೆ." ನೀರು ಕಡಿಮೆ ಮಾಡಿ ಯಂತ್ರದ ಜೊತೆಗೇ ಬರುವ, ಮುಚ್ಚಳದ ತೂತಿನಿಂದ ಇಳಿಸುವ ಕೋಲಿನಲ್ಲಿ ಒತ್ತಿ ಒತ್ತಿ ನಾಲ್ಕೈದು ನಿಮಿಷ ಓಡಿಸಿದೆ. ಜಾರ್ ಮುಟ್ಟಿದರೆ ಬಿಸಿ. ಮಸಾಲೆಯ ಮೇಲೆ ಕೆಂಪು ಎಣ್ಣೆ ತೇಲುತ್ತಿತ್ತು, ಹಸಿ ಕಾಯಿಯ ಪರಿಮಳ ಹೋಗಿ ಬೆಂದ ವಾಸನೆ. ಅಂಥದ್ದು ಫ್ರಿಜ್‌ನಲ್ಲಿಟ್ಟರೂ ಮಾರನೆಯ ದಿನ ಹುಳಿ ಬರುತ್ತಿತ್ತು. ಚೆಲ್ಲಿದ್ದು ಎಲ್ಲ ಸೇರಿ ನಾಲ್ಕು ಸಾವಿರದ ಮಾಲಾದರೂ ಇರಬೇಕು.

ಆಮೇಲೆ ಲೋಹಾರ್ ಚಾಳಿಗೆ ಹೋಗಿ 400 ರೂಪಾಯಿಗೆ ಒಂದು ಅಡುಗೆ ಥರ್ಮಾಮೀಟರ್ ತಂದೆ. ಹೆಂಡತಿ, ಮಸಾಲೆಗೆ ಜ್ವರ ನೋಡ್ತೀರಾ ಅಂತ ನಕ್ಕಳು. ಆದರೆ ಗುಟ್ಟು ಅದರಲ್ಲೇ ಸಿಕ್ಕಿದ್ದು. 30 ಡಿಗ್ರಿಯಲ್ಲಿ ಶುರುವಾದ ಮಸಾಲೆ ನಾಲ್ಕು ನಿಮಿಷಕ್ಕೆ 55ರ ಹತ್ತಿರ ಹೋಗುತ್ತಿತ್ತು. ಕೊಬ್ಬರಿ ಎಣ್ಣೆ ಕರಗುವುದು 24-25 ಡಿಗ್ರಿಗೆ. ಜನವರಿಯಲ್ಲಿ ಒಂದಿಷ್ಟು ದಿನ ಬಿಟ್ಟರೆ ಮುಂಬೈಯಲ್ಲಿ ಬಾಟಲಿಯ ಎಣ್ಣೆ ಗಟ್ಟಿಯಾಗುವುದೇ ಇಲ್ಲವಲ್ಲ, ಕಾಯಿಯ ಒಳಗಿನ ಕೊಬ್ಬಿನದೂ ಅದೇ ಪಾಡು. ಅಷ್ಟು ಬಿಸಿಯಲ್ಲಿ ಚಚ್ಚಿದರೆ ಅದು ಬಿಟ್ಟುಕೊಂಡು ಹೊರಗೆ ಬರದೆ ಏನು ಮಾಡುತ್ತೆ? ಕಲ್ಲಿನಲ್ಲಿ ನಿಧಾನಕ್ಕೆ ಅರೆಯುವುದರಿಂದ ಬಿಸಿ ಏರುವುದಿಲ್ಲ. ಕಲ್ಲಿನ ರುಚಿ ಅನ್ನುವುದರಲ್ಲಿ ಅರ್ಧ ಇದೇ ಅಂತ ನನ್ನ ನಂಬಿಕೆ.

ಈಗ ಮಾಡುವುದು ಹೀಗೆ. ಹಿಂದಿನ ಸಂಜೆಯೇ ಕಾಯಿ ತುರಿದು ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ರೀಜರ್‌ನಲ್ಲಿ ಇಡುತ್ತೇವೆ. ಉಂಡೆ ಮಾಡಿಟ್ಟರೆ ಬೆಳಿಗ್ಗೆ ಸುತ್ತಿಗೆ ಬೇಕಾಗುತ್ತೆ. ಹುರಿದ ಮೆಣಸು, ಕೊತ್ತಂಬರಿಯನ್ನು ಒಣಗಿದ್ದೇ ಹಾಕುವುದಿಲ್ಲ, ಬಿಸಿನೀರಲ್ಲಿ 20 ನಿಮಿಷ ನೆನೆಸಿ, ತಣಿಸಿ, ಆ ನೀರಿನ ಸಮೇತ ಫ್ರಿಜ್‌ಗೆ. ಬೆಳಿಗ್ಗೆ ಜಾರಿನ ಅಡಿಗೆ ಮೊದಲು ಹುಣಸೆ ರಸ, ನೆನೆದ ಮೆಣಸು. ಅದರ ಮೇಲೆ ಕೊತ್ತಂಬರಿ, ಈರುಳ್ಳಿ, ಬೆಳ್ಳುಳ್ಳಿ. ಕಾಯಿ ಎಲ್ಲಕ್ಕಿಂತ ಮೇಲೆ, ಭಾರಕ್ಕೆ ತಾನೇ ಕುಸಿಯುವ ಹಾಗೆ. 1ರಲ್ಲಿ ಶುರು ಮಾಡಿ ನಿಧಾನಕ್ಕೆ 10ಕ್ಕೆ ಏರಿಸಿ, ಕೋಲು ಮೂಲೆಗಳಿಗೆ ಮಾತ್ರ. ಒಂದು ನಿಮಿಷ ಓಡಿಸಿ, ಸ್ವಲ್ಪ ನಿಲ್ಲಿಸಿ, ಇನ್ನೊಂದು ನಿಮಿಷ. ಆಗಿದೆಯಾ ಅಂತ ಗೊತ್ತಾಗುವುದು ಮೇಲ್ಮೈ ನೋಡಿ: ಚೌಕ ಜಾರಿನಲ್ಲಿ ಮಸಾಲೆ ನಾಲ್ಕು ಉಬ್ಬಾಗಿ ಏಳುತ್ತೆ, ನಡುವೆ ಕೂಡಿಸುವ ಚಿಹ್ನೆಯ ಹಾಗೆ ಗೆರೆ ಮೂಡಿ ಒಳಗೆ ಮಡಚಿಕೊಳ್ಳುತ್ತಿರುತ್ತೆ. ಆ ನಾಲ್ಕು ಉಬ್ಬು ನಿಂತಿತು ಅಂದರೆ ಬಂದ್ ಮಾಡಿ. ಥರ್ಮಾಮೀಟರ್ 24-25 ತೋರಿಸುತ್ತೆ. ಬೆರಳಲ್ಲಿ ತಿಕ್ಕಿದರೆ ಬ್ಯಾಡಗಿಯ ಸಿಪ್ಪೆ ಎಲ್ಲೂ ಸಿಗುವುದಿಲ್ಲ, ಬಣ್ಣವೂ ಮಿಕ್ಸಿಯದ್ದಕ್ಕಿಂತ ಗಾಢ, ಹಾಗಾಗಿ ಮೆಣಸು ಕೆಜಿಗೆ ಒಂದು ಮುಷ್ಟಿ ಕಡಿಮೆ ಹಾಕಿದರೂ ನಡೆಯುತ್ತೆ.

ನೀರಿನ ಬದಲು ಇನ್ನೊಂದು ಹಾಕುತ್ತೇನೆ, ಅದು ಏನು ಅಂತ ಇಲ್ಲಿ ಹೇಳುವುದಿಲ್ಲ. ಅಳತೆಯನ್ನೂ ಕೇಳಬೇಡಿ. ಡೊಂಬಿವಲಿಯಲ್ಲಿ ಈಗಾಗಲೇ ಇಬ್ಬರು ಇದೇ ಮಾಲು ಶುರು ಮಾಡಿದ್ದಾರೆ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು: ಯಂತ್ರ, ಜಾರ್, ಚೆಲ್ಲಿದ ಮಾಲು, ಹೊಸ 16 ಆಂಪ್ ಪ್ಲಗ್ ಹಾಕಿಸಿದ್ದು ಎಲ್ಲ ಸೇರಿ ಅರ್ಧ ಲಕ್ಷ. ಪ್ಲಗ್ ವಿಷಯದಲ್ಲಿ ಜುಗ್ಗತನ ಬೇಡ, ಸಣ್ಣ 6 ಆಂಪ್ ಪಾಯಿಂಟ್‌ಗೆ ಹಾಕಿದರೆ ಪಿನ್ ಕಪ್ಪಾಗುತ್ತೆ. ಒಂದು ಜಾರಿಗೆ 1.6 ಕೆಜಿ, ದಿನಕ್ಕೆ ಎಂಟು ಜಾರ್. ಯಂತ್ರ ಓಡುವುದು ಒಟ್ಟು ಕಾಲು ಗಂಟೆ, ಕರೆಂಟ್ ಅರ್ಧ ಯೂನಿಟ್ಟೂ ಆಗುವುದಿಲ್ಲ. ಕೆಜಿಗೆ ಖರ್ಚು ಕಳೆದು 60 ರೂಪಾಯಿ ಉಳಿಯುತ್ತೆ ಅಂದರೆ, ಮೊದಲಿಗಿಂತ ಹೆಚ್ಚಾದ 6-7 ಕೆಜಿಯಿಂದ ತಿಂಗಳಿಗೆ 10 ಸಾವಿರದ ಹತ್ತಿರ. ಐದಾರು ತಿಂಗಳಲ್ಲಿ ಹಾಕಿದ್ದು ವಾಪಸ್ ಬಂತು.

ಸುಮ್ನೆ ಇರಲಾರದೆ ಬೇರೆ ಏನೇನೋ ಹಾಕಿ ನೋಡಿದೆ. ನೀರುದೋಸೆ ಹಿಟ್ಟಿಗೆ ಇದನ್ನು ಮೀರಿಸುವುದು ಇಲ್ಲ, ನೆನೆದ ಅಕ್ಕಿ ಒಂದೂವರೆ ನಿಮಿಷಕ್ಕೆ ಹಾಲಾಗುತ್ತೆ, ತರಿ ಒಂದೂ ಇರುವುದಿಲ್ಲ. ಸೋಲ್‌ಕಢಿಗೆ (ಪುನರ್ಪುಳಿ, ಕಾಯಿಹಾಲಿನ ಪಾನೀಯ) ಕಾಯಿಹಾಲು ತೆಗೆದರೆ ಬಟ್ಟೆಯಲ್ಲಿ ಉಳಿಯುವ ಚರಟ ಮಿಕ್ಸಿಯದರ ಅರ್ಧ. ಇಡ್ಲಿಗೆ ಮಾತ್ರ ಪೂರ್ತಿ ಸೋಲು, ಉದ್ದು ಬಿಸಿಯಾಗಿ ಉಬ್ಬದೆ ಇಡ್ಲಿ ಚಪ್ಪಟೆ ಬಂತು. ಆ ಕೆಲಸ ಕಲ್ಲಿನದೇ, ನಮ್ಮ ಗ್ರೈಂಡರ್ ಇನ್ನೂ ಅದಕ್ಕಾಗಿ ಇದೆ. ಶೇಂಗಾ ಬೆಣ್ಣೆ ಮಾಡಲು ಹೋಗಿ ಯಂತ್ರ ಕಾವು ಏರಿ ತಾನೇ ಬಂದ್ ಆಯಿತು, ಮತ್ತೆ ತಿರುಗಲು ಮುಕ್ಕಾಲು ಗಂಟೆ ಬೇಕಾಯಿತು. ಮೂರನೇ ಮಹಡಿಯ ಧಾರವಾಡದ ಅಕ್ಕ, ನಮ್ಮ ಶೇಂಗಾ ಚಟ್ನಿಪುಡಿನೂ ಒಂದು ಕೈ ನೋಡ್ರಿ ಅಂತ ಕೊಟ್ಟರು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಪುಡಿ ಹೋಗಿ ಎಣ್ಣೆಯ ಮುದ್ದೆ. "ಇದನ್ನ ರೊಟ್ಟಿಗೆ ಹಚ್ಚಬೇಕೇನ್ರಿ?" ಅಂದರು. ಒಣ ಮೆಣಸು, ದನಿಯ ಪುಡಿ ಮಾಡಿದರೆ ಪ್ಲಾಸ್ಟಿಕ್ ಜಾರ್ ಗೀರು ಬಿದ್ದು ಮಬ್ಬಾಗುತ್ತೆ, ಅದಕ್ಕೆ ಲಾಲ್‌ಬಾಗ್‌ನ ಮಸಾಲೆ ಕುಟ್ಟುವ ಡಂಕದವರಿದ್ದಾರೆ, ಕೆಜಿಗಿಷ್ಟು ಅಂತ ಕೊಟ್ಟು ಕುಟ್ಟಿಸಿಕೊಂಡು ಬನ್ನಿ. ಜಾರಿಗೆ ಅರಿಶಿನದ ಬಣ್ಣ ಹಿಡಿದರೆ ಸೋಪು ಹಾಕಿ ತಿಕ್ಕಬೇಡಿ, ಬಾಲ್ಕನಿಯ ಬಿಸಿಲಿಗೆ ಇಡಿ, ಎರಡು ದಿನಕ್ಕೆ ಹೋಗುತ್ತೆ. ಮಳೆಗಾಲದಲ್ಲಿ ಹಳದಿ ಜಾರೇ ಗತಿ.

ಸದ್ದಿನ ಬಗ್ಗೆ ಸುಳ್ಳು ಹೇಳುವುದಿಲ್ಲ, ಭಯಂಕರ. ಕೆಳಗಿನ ಮನೆಯ ಕಾಕು ಸೊಸೈಟಿ ಸೆಕ್ರೆಟರಿಗೆ ದೂರು ಕೊಟ್ಟರು. ಅಡಿಗೆ ದಪ್ಪ ರಬ್ಬರ್ ಹಾಕಿದೆ, ಗೋಡೆಯಿಂದ ದೂರ ಇಟ್ಟೆ, 7 ಗಂಟೆಗೆ ಮೊದಲು ಹಾಕುವುದಿಲ್ಲ ಅಂತ ಮಾತು ಕೊಟ್ಟೆ. ವಾರಕ್ಕೊಂದು ಡಬ್ಬಿ ಮಸಾಲೆಯೂ ಹೋಗುತ್ತೆ. ಈಗ ಅವರೇ ಮಗಳ ಮನೆಗೂ ಒಂದು ಕಳಿಸಿ ಅನ್ನುತ್ತಾರೆ.

ಮನೆಗೆ ತಗೊಳ್ಳಲಾ ಅಂತ ಕೇಳುವವರು ಬಹಳ. ನಾಲ್ಕು ಜನರ ಮನೆಗೆ ಬೇಡ, ಖಂಡಿತ ಬೇಡ. ಬ್ಲೆಂಡರಿನ 2 ಲೀಟರ್ ಜಾರಿನಲ್ಲಿ ಮೂರನೇ ಒಂದು ಭಾಗವಾದರೂ ಮಾಲು ಇಲ್ಲದಿದ್ದರೆ ಬ್ಲೇಡ್ ಗಾಳಿಯಲ್ಲಿ ತಿರುಗುತ್ತೆ. ಅರ್ಧ ಕಡಿ ಕಾಯಿಯ ಚಟ್ನಿ ಅದರಲ್ಲಿ ಎಲ್ಲಿ ಆಗಬೇಕು? ಸಣ್ಣ ಜಾರ್ ಬೇರೆ ಸಿಗುತ್ತೆ, ಆದರೆ ಅದರ ಬೆಲೆ ಕೇಳಿದ ಮೇಲೆ ಚಟ್ನಿ ಗಂಟಲಲ್ಲಿ ಇಳಿಯುವುದಿಲ್ಲ. ದಿನಾ ಸ್ಮೂದಿ, ಬಾದಾಮಿ ಹಾಲು ಕುಡಿಯುವವರು, ಮಗುವಿಗೋ ವಯಸ್ಸಾದವರಿಗೋ ನುಣ್ಣಗಿನ ಊಟವೇ ಬೇಕಾದವರು ಯೋಚಿಸಬಹುದು. ಉಳಿದವರು 750 ವ್ಯಾಟಿನ ಮಿಕ್ಸಿಗೆ ಒಂದು ಹೊಸ ಬ್ಲೇಡ್ ಹಾಕಿಸಿ. ದಿನಕ್ಕೆ 4-5 ಕೆಜಿ ಹಸಿ ಮಸಾಲೆ ಮಾರುವವರಾದರೆ ಮಾತ್ರ ನನ್ನ ದಾರಿಗೆ ಬನ್ನಿ, ಅದೂ ಸೆಕೆಂಡ್ ಹ್ಯಾಂಡ್‌ನಲ್ಲಿ.

ಸದ್ಯ ಗೋವಾದ ಕಾಫ್ರಿಯಾಲ್ ಹಸಿರು ಮಸಾಲೆಯ ಹಿಂದೆ ಬಿದ್ದಿದ್ದೇನೆ. ಭಾವನ ಹೋಟೆಲಿನಲ್ಲಿ ಬಾರ್ ಇದೆ, ಅದಕ್ಕೆ ಗಿರಾಕಿ ಇದ್ದಾರೆ. ಕೊತ್ತಂಬರಿ ಸೊಪ್ಪು ತಣ್ಣಗಿದ್ದರೂ ಸಂಜೆಗೆ ಬಣ್ಣ ಕಪ್ಪಿಡುತ್ತೆ, ನಿಂಬೆ ಹಾಕಿದರೆ ಇನ್ನೂ ಬೇಗ ಮಾಸುತ್ತೆ. ಸೊಪ್ಪನ್ನು ಕುದಿಯುವ ನೀರಲ್ಲಿ ಹತ್ತು ಸೆಕೆಂಡ್ ಅದ್ದಿ ಐಸ್ ನೀರಿಗೆ ಹಾಕಿ ರುಬ್ಬಿದ್ದು ಪರವಾಗಿಲ್ಲ, ಮಾರನೆಯ ದಿನವೂ ಹಸಿರಾಗೇ ಇತ್ತು. ಆದರೆ ಪರಿಮಳ ಅರ್ಧ ಹೋಯಿತು, ಭಾವ ಇನ್ನೂ ಆರ್ಡರ್ ಕೊಟ್ಟಿಲ್ಲ.