ಎಂಜಿನ್ ಆಯಿಲ್‌ಗೆ ಮ್ಯಾಗ್ನೆಟ್ ಹಿಡಿದು ನೋಡಿದ್ದೀರಾ?

ನಮ್ಮ ಬಹುತೇಕ ಬೈಕುಗಳಲ್ಲಿ ಎಂಜಿನ್, ಗೇರು, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಗೇರಿನ ಹಲ್ಲು ಸವೆದರೆ ಆ ಪುಡಿ ಎಂಜಿನ್ ತುಂಬಾ ಸುತ್ತುತ್ತದೆ. ಸ್ಪ್ಲೆಂಡರ್‌ನಂಥ 100 ಸಿಸಿ ಬೈಕಿನಲ್ಲಿ ಕಾಗದದ ಫಿಲ್ಟರ್ ಕೂಡ ಇಲ್ಲ. ಒಂದು ಜಾಲರಿ, ಜೊತೆಗೆ ಗರಗರ ತಿರುಗುತ್ತ ಕೊಳೆಯನ್ನು ಅಂಚಿಗೆ ಎಸೆಯುವ ಬಟ್ಟಲು, ಅಷ್ಟೇ.

ಆ ಪುಡಿಯಲ್ಲಿರುವ ಕಬ್ಬಿಣವನ್ನು ಮ್ಯಾಗ್ನೆಟ್ ಹಿಡಿಯುತ್ತದೆ. ಹಾಗಂತ ಸಿಕ್ಕಿದ ಮ್ಯಾಗ್ನೆಟ್ಟನ್ನು ಎಂಜಿನ್ ಒಳಗೆ ಅಂಟಿಸಬೇಡಿ. ಹಳೆ ಹಾರ್ಡ್ ಡಿಸ್ಕಿನಲ್ಲಿ ಸಿಗುವ ನಿಯೋಡಿಮಿಯಮ್ ಮ್ಯಾಗ್ನೆಟ್ ಬಲವಾಗಿದೆ, ನಿಜ. ಆದರೆ ಸಾಮಾನ್ಯ ದರ್ಜೆಯದು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಓಡುವ ಎಂಜಿನ್‌ನ ಆಯಿಲ್ 90-100 ಡಿಗ್ರಿ ಸಲೀಸಾಗಿ ಮುಟ್ಟುತ್ತದೆ. ಅಂಟು ಬಿಟ್ಟು ಮ್ಯಾಗ್ನೆಟ್ ಚೂರಾಗಿ ಗೇರಿಗೆ ಸಿಕ್ಕರೆ ಮುಗಿಯಿತು. ಒಳಗೇ ಇರಬೇಕು ಅಂದರೆ ಮ್ಯಾಗ್ನೆಟ್ ಕೂರಿಸಿಯೇ ತಯಾರಿಸಿದ ಡ್ರೈನ್ ಬೋಲ್ಟ್ (ಎಂಜಿನ್ ತಳದಲ್ಲಿ ಆಯಿಲ್ ಇಳಿಸಲು ಬಿಚ್ಚುವ ಬೋಲ್ಟ್) ಕೊಳ್ಳಿ. ಹಳೆ ಬೋಲ್ಟ್ ಜೊತೆ ಒಯ್ದು ತ್ರೆಡ್ಡು, ಉದ್ದ ಎರಡನ್ನೂ ಹೋಲಿಸಿ.

ಅಂಥ ಬೋಲ್ಟ್ ಇಲ್ಲದೆಯೂ ಪುಡಿ ಎಷ್ಟಿದೆ ಅಂತ ನೋಡಬಹುದು. ನನಗಂತೂ ಇದೇ ಇಷ್ಟ. ಆಯಿಲ್ ಬದಲಿಸುವ ದಿನ ಐದು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ. ಬೆಚ್ಚಗಿನ ಆಯಿಲ್‌ನಲ್ಲಿ ಪುಡಿ ತೇಲುತ್ತಿರುತ್ತದೆ, ತಣ್ಣಗಾದರೆ ತಳದಲ್ಲೇ ಉಳಿಯುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಪ್ಲಾಸ್ಟಿಕ್ ಟಬ್ಬಿಗೆ ಆಯಿಲ್ ಇಳಿಸಿ. ಕಬ್ಬಿಣದ ಬಾಣಲೆ ಬೇಡ, ಮ್ಯಾಗ್ನೆಟ್ ಅದಕ್ಕೇ ಅಂಟಿಕೊಳ್ಳುತ್ತದೆ! ಈಗ ಮ್ಯಾಗ್ನೆಟ್ಟನ್ನು ಎರಡು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಟಬ್ಬಿನ ತಳದಲ್ಲಿ ನಿಧಾನವಾಗಿ ಆಡಿಸಿ. ಮೇಲೆತ್ತಿ, ಬಿಳಿ ಕಾಗದದ ಮೇಲೆ ಹಿಡಿದು, ಮ್ಯಾಗ್ನೆಟ್ ಮಾತ್ರ ಹೊರಗೆಳೆಯಿರಿ. ಪುಡಿಯ ಹಿಡಿತ ತಪ್ಪುತ್ತದೆ, ಕವರನ್ನು ಕಾಗದಕ್ಕೆ ಒರೆಸಿದರೆ ಸಾಕು. ಬರಿಗೈಯಲ್ಲಿ ಮುಟ್ಟಬೇಡಿ, ಚೂರು ಚುಚ್ಚೀತು.

ಕಾಡಿಗೆಯಷ್ಟು ನುಣ್ಣಗಿನ ಬೂದು ಪೇಸ್ಟ್ ಕಂಡರೆ ಗಾಬರಿ ಬೇಡ, ಅದು ಮಾಮೂಲಿ ಸವೆತ. ಹೊಸ ಬೈಕಿನ ಮೊದಲ ಸರ್ವಿಸ್‌ನಲ್ಲಿ ಇನ್ನೂ ಜಾಸ್ತಿಯೇ ಇರುತ್ತದೆ. ಸೂಜಿಯಂಥ ಚೂರು, ಉಗುರಿಗೆ ಸಿಗುವ ಚಕ್ಕೆ ಇದ್ದರೆ ಮಾತ್ರ ಆ ಕಾಗದವನ್ನೇ ಮಡಚಿ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಏನೂ ಸಿಗಲಿಲ್ಲ ಅಂತ ಬೀಗಬೇಡಿ. ಮ್ಯಾಗ್ನೆಟ್ ಹಿಡಿಯುವುದು ಕಬ್ಬಿಣ, ಉಕ್ಕನ್ನು. ಪಿಸ್ಟನ್ನಿನ ಅಲ್ಯುಮಿನಿಯಂ, ಬುಶ್ಶಿನ ಕಂಚು, ರಸ್ತೆಯ ಧೂಳು ಅದಕ್ಕೆ ಅಂಟುವುದೇ ಇಲ್ಲ. ಆಯಿಲ್ ಬದಲಿಸುವ ಅವಧಿ ಇದರಿಂದ ಒಂದು ಕಿಲೋಮೀಟರೂ ಮುಂದೆ ಹೋಗುವುದಿಲ್ಲ.

ಬೋಲ್ಟ್ ವಾಪಸ್ ಹಾಕುವಾಗ ಹೊಸ ವಾಶರ್ ಇರಲಿ. ಮೊದಲು ಕೈಯಲ್ಲೇ ತಿರುಗಿಸಿ, ಕೊನೆಗೆ ಸ್ಪ್ಯಾನರ್. ಎಂಜಿನ್ ಮೈ ಅಲ್ಯುಮಿನಿಯಂನದು, ಜೋರು ಮಾಡಿದರೆ ತ್ರೆಡ್ಡೇ ಹೋಗುತ್ತದೆ. ಹಳೆ ಆಯಿಲ್ಲನ್ನು ಚರಂಡಿಗೆ ಸುರಿಯದೆ ಡಬ್ಬಿಗೆ ತುಂಬಿ ಗ್ಯಾರೇಜಿಗೆ ಕೊಡಿ. ಆ ಕಾಗದದ ಮೂಲೆಯಲ್ಲಿ ತಾರೀಕು, ಕಿಲೋಮೀಟರ್ ಬರೆದಿಡಿ. ಮುಂದಿನ ಸಲದ ಕಾಗದವನ್ನು ಪಕ್ಕದಲ್ಲಿಟ್ಟು ನೋಡಬಹುದಲ್ವಾ?