ಅಟ್ಟದ ಹಪ್ಪಳ ಮ್ಯಾಪಿಗೆ ಹತ್ತಿದ ಕಥೆ

ಹೋದ ವರ್ಷ ನಮ್ಮ ಮನೆಯಿಂದ ಹೊರಟ ಹಲಸಿನ ಹಪ್ಪಳ ಹತ್ತಿರ ಹತ್ತಿರ 90 ಸಾವಿರ. ಅಂದರೆ ನೂರರ ಕಟ್ಟು 900. ಅದರಲ್ಲಿ ಅಂಗಡಿಗೆ ಹೋದದ್ದು ನೂರು ಕಟ್ಟೂ ಇರಲಿಕ್ಕಿಲ್ಲ. ಉಳಿದದ್ದೆಲ್ಲ ಫೋನಿನ ಮೂಲಕವೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಭಾವ ಐದು ವರ್ಷ ಹಿಂದೆ ಚಾವಡಿಯಲ್ಲಿ ಕೂತು, "ಹಪ್ಪಳವನ್ನು ಮೊಬೈಲಲ್ಲಿ ಯಾರು ಕೊಳ್ಳುತ್ತಾರೆ ಮಾರಾಯ, ಕರಿಯುವ ವಾಸನೆ ಬರಬೇಡವಾ?" ಎಂದು ಹತ್ತು ಜನರ ಎದುರು ನಕ್ಕಿದ್ದರು.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನಿಂದ ಸ್ವಲ್ಪ ಒಳಗೆ. ಅಡಿಕೆ ತೋಟ, ಗುಡ್ಡೆಯಲ್ಲಿ ಹಲಸು. ಅಮ್ಮನ ಕಾಲದಿಂದಲೂ ಹಪ್ಪಳ ಮಾಡಿ ಮಂಗಳೂರಿನ ಒಂದೇ ಅಂಗಡಿಗೆ ಕೊಡುತ್ತಿದ್ದೆವು. ಕಟ್ಟಿಗೆ 180 ರೂಪಾಯಿ. 2020ರ ಮಾರ್ಚಿನಲ್ಲಿ ಕೊರೊನಾ ಎಂದು ಕೇರಳ, ಕರ್ನಾಟಕದ ಗಡಿ ಮುಚ್ಚಿತು. ತಲಪಾಡಿಯಲ್ಲಿ ರಸ್ತೆ ಬಂದ್, ಒಳದಾರಿಗಳಿಗೆ ಮಣ್ಣಿನ ರಾಶಿ. ಸರಿಯಾಗಿ ಹಪ್ಪಳದ ಸೀಸನ್. ಬಿಸಿಲು ಮಾತ್ರ ಬೆಂಕಿ ಹಾಗೆ, ಆಳುಗಳೂ ಇದ್ದಾರೆ, ಹಲಸು ಮರದಲ್ಲಿ ನೇತಾಡುತ್ತಿದೆ. ಸುಮ್ನೆ ಕೂರುವುದು ಹೇಗೆ ಅಂತ ಮಾಡುತ್ತಲೇ ಹೋದೆವು. ಮೇ ಕೊನೆಗೆ ಅಟ್ಟದಲ್ಲಿ 220 ಕಟ್ಟು. ಐವತ್ತು ಕಿಲೋಮೀಟರ್ ದೂರದ ಮಂಗಳೂರು ಅವತ್ತು ದುಬೈಗಿಂತ ದೂರ ಆಗಿತ್ತು. ಮಳೆಗಾಲದಲ್ಲಿ 60 ಕಟ್ಟಿಗೆ ಬೂಸು ಬಂತು. ಉಳಿದದ್ದನ್ನು ಅರ್ಧ ರೇಟಿಗೆ ಕೊಟ್ಟೆ. ಒಂದೇ ಗಿರಾಕಿಯನ್ನು ನಂಬಬಾರದು ಎಂದು ಆಗ ಬುದ್ಧಿ ಬಂತು.

ಮೊದಲು ಮಾಡಿದ್ದು ಗೂಗಲ್ ಮ್ಯಾಪಿನಲ್ಲಿ ಲಿಸ್ಟಿಂಗ್, ಅಂದರೆ ನಮ್ಮ ವ್ಯಾಪಾರದ ಹೆಸರು, ಜಾಗ ಅದರಲ್ಲಿ ಕಾಣುವ ಹಾಗೆ ಸೇರಿಸುವುದು. ಯಾರೋ ಹೇಳಿದರು, ಜನ ಏನು ಹುಡುಕುತ್ತಾರೋ ಅದನ್ನು ಹೆಸರಿನಲ್ಲೇ ತುರುಕು ಅಂತ. ನಾನೂ ತುರುಕಿದೆ: ಹಲಸಿನ ಹಪ್ಪಳ, ಚಕ್ಕ ಪಪ್ಪಡಂ, ಜ್ಯಾಕ್‌ಫ್ರೂಟ್ ಪಾಪಡ್, ಕಾಸರಗೋಡು, ಮಂಗಳೂರು. ರೈಲಿನ ಬೋಗಿ ಹಾಗೆ ಉದ್ದ. ಕ್ಯಾಟಗರಿ ಏನು ಕೊಡಬೇಕೆಂದು ಗೊತ್ತಾಗದೆ ರೆಸ್ಟೋರೆಂಟ್ ಎಂದು ಒತ್ತಿದೆ. ಅದರ ಫಲ ಮುಂದಿನ ಭಾನುವಾರವೇ ಬಂತು. ಮಧ್ಯಾಹ್ನ ಒಂದೂವರೆಗೆ ಅಂಗಳದಲ್ಲಿ ಒಂದು ಇನ್ನೋವಾ. ಮಧೂರು ದೇವಸ್ಥಾನಕ್ಕೆ ಬಂದ ಮೈಸೂರಿನ ಕುಟುಂಬ, ಏಳು ಜನ, ಊಟ ಉಂಟಾ ಎಂದು ಕೇಳಿದರು. ಅಮ್ಮ ಇಲ್ಲ ಎನ್ನುವ ಜನ ಅಲ್ಲ. ಸಾರು, ಗುಜ್ಜೆ ಪಲ್ಯ, ಮಜ್ಜಿಗೆ, ಹಪ್ಪಳ ಹಾಕಿ ಕಳಿಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ. ಅವರು ಆರು ಕಟ್ಟು ಹಪ್ಪಳ ಕೊಂಡರು, ಈಗಲೂ ಕೊಳ್ಳುತ್ತಾರೆ. ಆದರೆ ಹೀಗೆ ಮೂರು ಸಲ ಆದ ಮೇಲೆ ಹೆಂಡತಿ ಫೋನು ಕೈಯಿಂದ ಕಿತ್ತುಕೊಂಡು ಕ್ಯಾಟಗರಿ ಬದಲಿಸಲು ಹೇಳಿದಳು. ಈಗ ಫುಡ್ ಪ್ರಾಡಕ್ಟ್ಸ್ ಸಪ್ಲೈಯರ್ ಎಂದು ಉಂಟು. ಊಟಕ್ಕೆ ಯಾರೂ ಬರುವುದಿಲ್ಲ.

ಉದ್ದ ಹೆಸರಿನ ಲಿಸ್ಟಿಂಗ್ ನಾಲ್ಕು ತಿಂಗಳು ಆಗುವಷ್ಟರಲ್ಲಿ ಸಸ್ಪೆಂಡ್ ಆಯಿತು. ಬೋರ್ಡಿನಲ್ಲಿ ಇರುವ ಹೆಸರು ಬಿಟ್ಟು ಬೇರೆ ಹಾಕಬಾರದಂತೆ. ನಮಗೆ ಬೋರ್ಡೇ ಇರಲಿಲ್ಲ! 1,400 ಕೊಟ್ಟು ಕನ್ನಡ, ಮಲಯಾಳಂ ಎರಡರಲ್ಲೂ ಬೋರ್ಡ್ ಬರೆಸಿ ಗೇಟಿಗೆ ಹಾಕಿದೆ. ಮತ್ತೆ ಶುರುವಿನಿಂದ. ಈ ಸಲ ವಿಡಿಯೋ ವೆರಿಫಿಕೇಶನ್ ಕೇಳಿತು. ರಸ್ತೆ, ಬೋರ್ಡು, ಕೆಲಸದ ಸಾಮಾನು, ನಾನೇ ಯಜಮಾನ ಎನ್ನುವುದಕ್ಕೆ ಗುರುತು, ಎಲ್ಲ ಒಂದೇ ವಿಡಿಯೋದಲ್ಲಿ, ನಡುವೆ ಕತ್ತರಿಸದೆ ತೋರಿಸಬೇಕು. ಜುಲೈ ತಿಂಗಳು. ಹೆಂಡತಿ ಕೊಡೆ ಹಿಡಿದಳು, ನಾನು ಗೇಟಿನಿಂದ ಶುರು ಮಾಡಿ ಬೋರ್ಡು ತೋರಿಸಿ, ಅಂಗಳ ದಾಟಿ, ಹಪ್ಪಳದ ಕೋಣೆಯ ಬೀಗ ತೆಗೆದು, ಒತ್ತುವ ಮಣೆ, ತೂಕದ ಯಂತ್ರ, ಆಹಾರ ಸುರಕ್ಷತೆಯ ನೋಂದಣಿ ಕಾಗದ ಎಲ್ಲ ತೋರಿಸಿದೆ. ನಮ್ಮಲ್ಲಿ ನೆಟ್‌ವರ್ಕ್ ಗುಡ್ಡೆಯ ನೆತ್ತಿಯಲ್ಲಿ ಮಾತ್ರ. ವಿಡಿಯೋ ಹಿಡಿದುಕೊಂಡು ಮಳೆಯಲ್ಲಿ ಮೇಲೆ ಹತ್ತಿದೆ. ಜಿಗಣೆ ಎಷ್ಟು ಹಿಡಿದವು ಎಂದು ಲೆಕ್ಕ ಇಲ್ಲ. ಎರಡು ಸಲ ತಿರಸ್ಕಾರ, ಮೂರನೆಯದಕ್ಕೆ ಪಾಸ್.

ಆಮೇಲೆ ರಿವ್ಯೂ. ನೆಂಟರ ಗುಂಪಿಗೆ ಒಂದು ಮೆಸೇಜ್ ಹಾಕಿದೆ, ಒಂದೇ ರಾತ್ರಿಯಲ್ಲಿ 18 ರಿವ್ಯೂ, ಎಲ್ಲ ಐದು ಸ್ಟಾರ್. ವಾರದೊಳಗೆ 15 ಮಾಯ. ಉಳಿದ ಮೂರರಲ್ಲಿ ಒಂದು ಚಿಕ್ಕಮ್ಮನ ಮಗನದು, ಅವನು ಹಪ್ಪಳ ತಿನ್ನುವುದೇ ಇಲ್ಲ. ರಿವ್ಯೂಗೆ ಬದಲಾಗಿ ಏನಾದರೂ ಕೊಡುವುದೂ ಗೂಗಲಿನ ನಿಯಮಕ್ಕೆ ವಿರುದ್ಧ. ಹಾಗಾಗಿ ಅದರ ಹಿಂದೆ ಬೀಳುವುದನ್ನೇ ಬಿಟ್ಟೆ. ಈಗ 140 ಚಿಲ್ಲರೆ ಇವೆ, ಆ ಮೂರು ಬಿಟ್ಟು ಎಲ್ಲ ತಾವಾಗಿ ಬಂದವು.

ದುಡ್ಡು ನಿಜವಾಗಿ ಸುಟ್ಟದ್ದು ಫೇಸ್‌ಬುಕ್ ಜಾಹೀರಾತಿನಲ್ಲಿ. ಮೊದಲನೆಯದಕ್ಕೆ ಜಾಗ ಎಂದು ಕೇರಳ ಕೊಟ್ಟೆ. ನಾವಿರುವುದು ಕೇರಳದಲ್ಲಿ ತಾನೇ? ಜಾಹೀರಾತು ಕಣ್ಣೂರು, ಕೋಯಿಕ್ಕೋಡು ಎಲ್ಲ ತಿರುಗಿ ಬಂತು. "ರೇಟ್ ಎತ್ರಯಾ" (ರೇಟ್ ಎಷ್ಟು) ಎಂದು 70 ಮೆಸೇಜು, ಆರ್ಡರ್ ಎರಡು. ಅವರ ಮನೆಯಲ್ಲೂ ಹಲಸಿನ ಮರ ಉಂಟಲ್ವಾ! ಎರಡನೆಯ ಸಲ ಮನೆಯ ಸುತ್ತ 80 ಕಿಲೋಮೀಟರ್ ವೃತ್ತ ಹಾಕಿದೆ. ಮಂಗಳೂರು, ಪುತ್ತೂರು, ಸುಳ್ಯ ಎಲ್ಲ ಬಂತು. ಪುತ್ತೂರಿನವರಿಗೆ ಹಲಸಿನ ಹಪ್ಪಳ ಮಾರುವುದು ಅಂದರೆ ಕುಂಬಳೆಯ ಕಡಲ ಬದಿಯಲ್ಲಿ ಮೀನು ಮಾರಿದ ಹಾಗೆ. ಒಬ್ಬರು ಫೋನ್ ಮಾಡಿ, ನಮ್ಮಲ್ಲೂ 40 ಕಟ್ಟು ಉಂಟು, ನೀವು ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಮೂರನೆಯ ಸಲ ಬುದ್ಧಿವಂತಿಕೆ ಮಾಡಿ ಭಾಷೆ ಕನ್ನಡ ಎಂದು ಆರಿಸಿದೆ. ನೋಡುವವರ ಸಂಖ್ಯೆ ಪಾತಾಳಕ್ಕೆ ಇಳಿಯಿತು. ಅದು ಆಡುವ ಭಾಷೆ ನೋಡುವುದಲ್ಲ, ಆ್ಯಪನ್ನು ಯಾವ ಭಾಷೆಯಲ್ಲಿ ಇಟ್ಟಿದ್ದಾರೆ ಎಂದು ನೋಡುವುದು. ನಮ್ಮವರು ಮನೆಯಲ್ಲಿ ಕನ್ನಡ, ಫೋನಿನಲ್ಲಿ ಇಂಗ್ಲಿಷ್. ಮೂರೂ ಸೇರಿ ಆರೂವರೆ ಸಾವಿರ ಹೋಯಿತು, ಮೇಲೆ ಶೇ. 18 ಜಿಎಸ್‌ಟಿ.

ನಡುವೆ ಒಂದು ರೀಲ್ಸ್ ಹುಚ್ಚು. ನೆರೆಮನೆಯ ಹುಡುಗ ಯಕ್ಷಗಾನ ಕಲಿಯುತ್ತಾನೆ. ಅವನು ಅರ್ಧ ವೇಷದಲ್ಲಿ ನಿಂತು ಹಪ್ಪಳ ಮುರಿದು ಅರ್ಥ ಹೇಳಿದ. 1 ಲಕ್ಷ 40 ಸಾವಿರ ಜನ ನೋಡಿದರು. ಆರ್ಡರ್ ಮೂರು. ಹುಡುಗನಿಗೆ ಮಾತ್ರ ಎರಡು ಮದುವೆ ಮನೆಯಿಂದ ಕರೆ ಬಂತು.

ತಿರುವು ಸಿಕ್ಕಿದ್ದು ಒಂದು ಸ್ಟಾರಿನಿಂದ. ಬೆಂಗಳೂರಿನ ಒಬ್ಬರು ಫೋಟೋ ಸಮೇತ ಹಾಕಿದ್ದರು: "ಹಪ್ಪಳ ಕೇಳಿದ್ದೆ, ಹಪ್ಪಳದ ಪುಡಿ ಬಂದಿದೆ. ಉಪ್ಪಿಟ್ಟು ಮಾಡಬಹುದು." ನಿಜ. ನೂರರಲ್ಲಿ 60 ಚೂರು. ದೊಡ್ಡ ಪೆಟ್ಟಿಗೆಯಲ್ಲಿ ಪೇಪರು ತುಂಬಿ ಕಳಿಸುತ್ತಿದ್ದೆ, ಒಳಗೆ ಅಲ್ಲಾಡಿ ಅಲ್ಲಾಡಿ ಪುಡಿ. ಅದಲ್ಲದೆ ಕೊರಿಯರಿನವರು ತೂಕ ಮಾತ್ರ ನೋಡುವುದಿಲ್ಲ, ಪೆಟ್ಟಿಗೆಯ ಗಾತ್ರವನ್ನೂ ನೋಡಿ ಯಾವುದು ಹೆಚ್ಚೋ ಅದನ್ನು ಹಿಡಿಯುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದು ಗಾತ್ರದ ಕಿಲೋ. ನನ್ನ ಪೆಟ್ಟಿಗೆ 22, 22, 20. ಅಂದರೆ 1.9 ಕಿಲೋ. ಒಳಗಿದ್ದ ಹಪ್ಪಳ ಮುಕ್ಕಾಲು ಕಿಲೋ! ಒಂದು ವರ್ಷ ನಾನು ಗಾಳಿಗೆ ಬಾಡಿಗೆ ಕಟ್ಟಿದ್ದೇನೆ.

ಉಪಾಯ ತೋಟದಲ್ಲೇ ಬಿದ್ದಿತ್ತು. ಅಡಿಕೆ ಹಾಳೆ. ನೆನೆಸಿ, ಹಪ್ಪಳಕ್ಕಿಂತ ಬೆರಳಗಲ ದೊಡ್ಡದಾಗಿ ದುಂಡಗೆ ಕತ್ತರಿಸಿ, ಭಾರ ಇಟ್ಟು ಒಣಗಿಸಬೇಕು. ಕಟ್ಟಿನ ಕೆಳಗೊಂದು, ಮೇಲೊಂದು, ನಡುವೆ ಐವತ್ತಕ್ಕೆ ಒಂದು. ಬಾಳೆ ನಾರಿನಲ್ಲಿ ಬಿಗಿದರೆ ಕಲ್ಲಿನ ಹಾಗೆ ನಿಲ್ಲುತ್ತದೆ. ಬಿಗಿಯುವ ಗಂಟು ಅಮ್ಮನದು, ಅದನ್ನು ಇಲ್ಲಿ ಬರೆಯುವುದಿಲ್ಲ. ಪೆಟ್ಟಿಗೆ 17, 17, 14ಕ್ಕೆ ಇಳಿಯಿತು, ಕೊರಿಯರ್ ಲೆಕ್ಕದಲ್ಲಿ 800 ಗ್ರಾಂ. ಚೂರಾಗುವುದು ನೂರಕ್ಕೆ ಮೂರೋ ನಾಲ್ಕೋ. ಆ ಒಂದು ಸ್ಟಾರಿನವರಿಗೆ ಬಿಟ್ಟಿಯಾಗಿ ಹೊಸ ಕಟ್ಟು ಕಳಿಸಿ, ಅವರ ರಿವ್ಯೂ ಕೆಳಗೆ ನಡೆದದ್ದನ್ನು ಹಾಗೆಯೇ ಬರೆದೆ. ಅವರು ಸ್ಟಾರ್ ಬದಲಿಸಲಿಲ್ಲ. ಆದರೆ ಆ ಉತ್ತರ ಓದಿ ಫೋನ್ ಮಾಡಿದವರೇ 30 ಜನ ಇರಬಹುದು. ಮತ್ತೊಂದು ನಾನು ಎಣಿಸದ್ದು: ಪೆಟ್ಟಿಗೆ ಬಿಚ್ಚಿದವರೆಲ್ಲ ಹಾಳೆಯ ಫೋಟೋ ತೆಗೆದು ತಮ್ಮ ಸ್ಟೇಟಸ್ಸಿಗೆ ಹಾಕತೊಡಗಿದರು. ಊರು ಬಿಟ್ಟು ಇಪ್ಪತ್ತು ವರ್ಷ ಆದವರಿಗೆ ಹಾಳೆ ಅಂದರೆ ಅಜ್ಜನ ಮನೆ.

ಆಗ ತಲೆಗೆ ಹೊಳೆಯಿತು, ನನ್ನ ಗಿರಾಕಿ ಪಕ್ಕದ ಊರಿನವರಲ್ಲ, ಊರು ಬಿಟ್ಟವರು. ಲಿಸ್ಟಿಂಗಿನಲ್ಲಿ ಜನ ಯಾವ ಪದ ಹೊಡೆದು ನಮ್ಮನ್ನು ಕಂಡರು ಎಂಬ ಪಟ್ಟಿ ಸಿಗುತ್ತದೆ, ನೋಡಿರಬಹುದು. ನಾನು ತಿಂಗಳಿಗೊಮ್ಮೆ ಅದನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ. ಹಲಸಿನ ಹಪ್ಪಳ ಎಂದು ಕನ್ನಡ ಅಕ್ಷರದಲ್ಲಿ ಹುಡುಕುವವರು ಕಡಿಮೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆಯುವವರೇ ಜಾಸ್ತಿ, ಅದೂ ಹತ್ತು ತರದ ಸ್ಪೆಲ್ಲಿಂಗಿನಲ್ಲಿ. ತುಳುವಿನವರು ಪೆಲಕಾಯಿ ಎಂದು ಶುರು ಮಾಡುತ್ತಾರೆ, ಕೊಂಕಣಿಯವರು ಪೊಣಸು ಎಂದು. ನಮ್ಮ ಜಿಲ್ಲೆಯ ಹೆಸರನ್ನೇ ನಾಲ್ಕು ತರ ಬರೆಯುತ್ತಾರೆ. ಇದೆಲ್ಲ ಹೆಸರಿನಲ್ಲಿ ತುರುಕಲು ಆಗುವುದಿಲ್ಲ, ಆದರೆ ವಿವರಣೆಯಲ್ಲಿ, ಪ್ರಾಡಕ್ಟ್ ಪಟ್ಟಿಯಲ್ಲಿ, ವಾರದ ಪೋಸ್ಟಿನಲ್ಲಿ ಬರೆಯಲು ಅಡ್ಡಿ ಇಲ್ಲ. ಗಟ್ಟಿ ತೊಳೆಯ ಬಕ್ಕೆ ಹಲಸಿನದು, ಮೆತ್ತನೆ ತೊಳೆಯ ತುಳುವೆ ಹಲಸಿನದು, ಖಾರದ್ದು, ಸಪ್ಪೆ, ಒಂದೊಂದಕ್ಕೂ ಬೇರೆ ಬೇರೆ ಹೆಸರಿನ ಪ್ರಾಡಕ್ಟ್. ಎರಡು ತಿಂಗಳಲ್ಲಿ ಕರೆ ದಿನಕ್ಕೆ ಒಂದರಿಂದ ಆರೇಳಕ್ಕೆ ಏರಿತು.

ಜಾಹೀರಾತು ಪೂರ್ತಿ ಬಿಡಲಿಲ್ಲ. ಬೆಂಗಳೂರಿನ ನಾಲ್ಕು ಬಡಾವಣೆಗೆ ಮಾತ್ರ ಹಾಕುತ್ತೇನೆ. ಯಾವ ನಾಲ್ಕು ಎಂದು ಕೇಳಬೇಡಿ, ಅದಕ್ಕೆ ನಾನು ಶುಲ್ಕ ಕಟ್ಟಿದ್ದೇನೆ. ಒಂದೇ ಒಂದು ಗುಟ್ಟು ಬಿಡುತ್ತೇನೆ. ಜಾಹೀರಾತನ್ನು ಮೊದಲೇ ಅಪ್ರೂವ್ ಮಾಡಿಸಿ ನಿಲ್ಲಿಸಿ ಇಟ್ಟಿರಿ. ಬೆಂಗಳೂರಿನಲ್ಲಿ ಸಂಜೆ ಮಳೆ ಎಂದು ಹವಾಮಾನದ ಆ್ಯಪ್ ತೋರಿಸಿದ ದಿನ ನಾಲ್ಕು ಗಂಟೆಗೆ ಶುರು ಮಾಡಿ, ಎಂಟಕ್ಕೆ ನಿಲ್ಲಿಸಿ. 250 ರೂಪಾಯಿಯಲ್ಲಿ 12 ಕಟ್ಟು ಹೋದದ್ದುಂಟು. ಬಿಸಿಲಿನ ದಿನ ಅದೇ 250ಕ್ಕೆ ಒಂದೂ ಇಲ್ಲ.

ವಾಟ್ಸಾಪಿನ ಬ್ರಾಡ್‌ಕಾಸ್ಟ್, ಅಂದರೆ ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವುದು, ಒಂದು ಪಟ್ಟಿಗೆ ಹೆಚ್ಚೆಂದರೆ 256 ಜನ. ನಮ್ಮ ನಂಬರ್ ಸೇವ್ ಮಾಡದವರಿಗೆ ಅದು ಹೋಗುವುದೇ ಇಲ್ಲ. ಇದು ಗೊತ್ತಿಲ್ಲದೆ ಆರು ತಿಂಗಳು ಗೋಡೆಗೆ ಮಾತಾಡಿದೆ. ಈಗ ಪೆಟ್ಟಿಗೆಯೊಳಗೆ ಚೀಟಿ: ನಂಬರ್ ಸೇವ್ ಮಾಡಿ ಒಂದು ಮೆಸೇಜ್ ಹಾಕಿದರೆ ಮುಂದಿನ ಕಟ್ಟಿನ ಜೊತೆ ಐದು ಹಪ್ಪಳ ಹೆಚ್ಚು. 600 ಜನ ಸೇವ್ ಮಾಡಿದ್ದಾರೆ. ದಿನಾ ಬೆಳಿಗ್ಗೆ ಸ್ಟೇಟಸ್ಸಿಗೆ ಒಂದೇ ಫೋಟೋ, ಚಾಪೆ ಮೇಲೆ ಒಣಗುವ ಹಪ್ಪಳ, ಬದಿಯಲ್ಲಿ ಕಾಗೆ ಓಡಿಸುವ ಅಮ್ಮ. ಮೋಡ ಇದ್ದರೆ, ಇವತ್ತು ಮೋಡ, ಕೆಲಸ ಇಲ್ಲ ಎಂದು ಅದನ್ನೂ ಹಾಕುತ್ತೇನೆ. ಮೋಡದ ದಿನವೇ ಜಾಸ್ತಿ ಆರ್ಡರ್, ಮುಗಿದು ಹೋದೀತು ಎಂಬ ಹೆದರಿಕೆ. ದೇವಸ್ಥಾನದ ಬ್ರಹ್ಮಕಲಶದ ಗುಂಪಿಗೂ ಒಮ್ಮೆ ಹಾಕಿ ಬೈಗುಳ ತಿಂದೆ. ನೀವು ಹಾಕಬೇಡಿ.

ದೊಡ್ಡ ಆನ್‌ಲೈನ್ ಮಾರಾಟದ ಜಾಲತಾಣದಲ್ಲೂ ಒಂದು ಸೀಸನ್ ನೋಡಿದೆ. ಕಮಿಷನ್, ಸಾಗಣೆ, ವಾಪಸಾದದ್ದು ಎಲ್ಲ ಕಳೆದು 320ರ ಕಟ್ಟಿಗೆ ಕೈಗೆ 170. ಮಂಗಳೂರಿನ ಅಂಗಡಿಯವರು ಅದಕ್ಕಿಂತ ಹತ್ತು ರೂಪಾಯಿ ಹೆಚ್ಚೇ ಕೊಡುತ್ತಿದ್ದರು, ಜೊತೆಗೆ ಚಹಾ.

ಲೆಕ್ಕ ಕೇಳುವವರಿಗೆ ಅಂದಾಜು ಹೇಳುತ್ತೇನೆ. ಕಟ್ಟಿಗೆ 320, ಕೊರಿಯರ್ ಬೇರೆ. ನಾಲ್ಕು ಜನ ಹೆಂಗಸರ ಸಂಬಳ, ಮೆಣಸು, ಎಣ್ಣೆ, ಪೆಟ್ಟಿಗೆ ಸೇರಿ 190ರ ಆಸುಪಾಸು. ಜಾಹೀರಾತು ವರ್ಷಕ್ಕೆ ಎಂಟು ಸಾವಿರ ದಾಟುವುದಿಲ್ಲ. ಆಹಾರ ಸುರಕ್ಷತೆಯ ನೋಂದಣಿಗೆ ನಾನು ಮಾಡಿಸುವಾಗ ವರ್ಷಕ್ಕೆ 100 ರೂಪಾಯಿ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಅದೊಂದು ಪುಣ್ಯ. ಬೀಜದ ಹುಡಿ, ಚಿಪ್ಸ್ ಎಂದು ಕೈ ಹಾಕಿ ಬಿಟ್ಟೆ. ಚಿಪ್ಸಿಗೆ ತೆರಿಗೆ ಉಂಟು, ತಲಪಾಡಿ ದಾಟಿಸಿ ಮಾರಬೇಕಾದರೆ ಮೊದಲ ಪ್ಯಾಕೆಟಿನಿಂದಲೇ ಜಿಎಸ್‌ಟಿ ನೋಂದಣಿ ಬೇಕು ಎಂದರು ಲೆಕ್ಕಪತ್ರದವರು.

ಕಳೆದ ತಿಂಗಳು ಭಾವ ಬಂದಿದ್ದರು. ಚಾವಡಿಯಲ್ಲಿ ಅದೇ ಜಾಗದಲ್ಲಿ ಕೂತು, ಎರಡು ಹಪ್ಪಳ ಮುಗಿಸಿ, ಮೆಲ್ಲಗೆ ಕೇಳಿದರು: "ನಮ್ಮ ಮಿಡಿ ಉಪ್ಪಿನಕಾಯಿಯನ್ನೂ ಅದಕ್ಕೆ ಹಾಕಲಿಕ್ಕೆ ಆಗ್ತದಾ?" ಉಪ್ಪಿನಕಾಯಿಗೂ ತೆರಿಗೆ ಉಂಟು, ಮೊದಲು ನೋಂದಣಿ ಮಾಡಿಸಿ ಬನ್ನಿ ಎಂದೆ. ಬೋರ್ಡು ಬರೆಯುವವನ ನಂಬರನ್ನೂ ಕೊಟ್ಟೆ. ವಿಡಿಯೋ ತೆಗೆಯುವ ದಿನ ಕೊಡೆ ಹಿಡಿಯಲು ಅಕ್ಕನನ್ನೇ ಒಪ್ಪಿಸಬೇಕಂತೆ, ಅವಳು ಇನ್ನೂ ಒಪ್ಪಿಲ್ಲ.