ಪಿಕಪ್‌ನ ರೇಡಿಯೊದಲ್ಲಿದ್ದ ಕುಂಯ್‌ ಸದ್ದು ಹೋಯ್ತು

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಕೊಡಗಿನ ಎಷ್ಟೋ ಕಡೆ ಫೋನೇ ಸತ್ತುಹೋಗಿತ್ತು. ಆಮೇಲೆ ಹ್ಯಾಮ್ (ಹವ್ಯಾಸಿ ರೇಡಿಯೊ) ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡೆ. ಈ ಮಳೆಗಾಲಕ್ಕೆ ಮುಂಚೆ ತೋಟದ ಪಿಕಪ್‌ಗೆ ಎರಡು ಮೀಟರ್ ಬ್ಯಾಂಡಿನ (ಅಲೆಯ ಉದ್ದ ಸುಮಾರು ಎರಡು ಮೀಟರ್) ರೇಡಿಯೊ ಸೆಟ್ ಕೂರಿಸಿದೆ.

ಎಂಜಿನ್ ಆನ್ ಮಾಡಿದರೆ ಕುಂಯ್‌ ಅಂತ ಸದ್ದು. ಆಕ್ಸಿಲರೇಟರ್ ಒತ್ತಿದಷ್ಟೂ ಅದು ಏರುತ್ತಿತ್ತು. ಅಂದರೆ ಎಂಜಿನ್ ಜೊತೆ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನದ್ದೇ. ಸಿಗರೇಟ್ ಲೈಟರ್ ಸಾಕೆಟ್‌ನಿಂದ ಕರೆಂಟ್ ಕೊಟ್ಟಿದ್ದೆ. ಅದನ್ನು ಬಿಟ್ಟು ನೇರ ಬ್ಯಾಟರಿಯಿಂದ ದಪ್ಪ ವೈರ್ ಎಳೆದೆ. ಫ್ಯೂಸನ್ನು ಬ್ಯಾಟರಿ ಹತ್ತಿರವೇ ಹಾಕಿ. ವೈರ್ ಎಲ್ಲಾದರೂ ಉಜ್ಜಿ ಗಾಡಿಯ ತಗಡಿಗೆ ತಾಗಿದರೆ ಬೆಂಕಿ ಹತ್ತಬಹುದು.

ಸದ್ದು ಹೋಯ್ತು. ಆದರೆ ನನ್ನ ಮಾತು ದೂರ ಹೋಗ್ತಿರಲಿಲ್ಲ. ಆಂಟೆನಾಗೆ ಕಳಿಸಿದ ಶಕ್ತಿ ಎಷ್ಟು ವಾಪಸ್ ಬರುತ್ತೆ ಅಂತ ಹೇಳುವ ಎಸ್‌ಡಬ್ಲ್ಯುಆರ್ ಮೀಟರ್ 3ರ ಮೇಲೆ ತೋರಿಸ್ತು; 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಕಾಲು ಅಲೆಯ ಆಂಟೆನಾ, ಸುಮಾರು 49 ಸೆಂಟಿಮೀಟರ್, ಅಳತೆ ಸರಿಯೇ ಇತ್ತು. ಕೊನೆಗೆ ಮಲ್ಟಿಮೀಟರ್‌ನ ಒಂದು ಕಡ್ಡಿ ಆಂಟೆನಾದ ಬ್ರಾಕೆಟ್‌ಗೆ, ಇನ್ನೊಂದು ಗಾಡಿಯ ತಗಡಿಗೆ ಇಟ್ಟೆ. ಬೀಪ್ ಇಲ್ಲ, ಅಂದರೆ ಎರಡರ ನಡುವೆ ಸಂಪರ್ಕವೇ ಇಲ್ಲ! ಪೇಂಟ್ ಮೇಲೆಯೇ ಬೋಲ್ಟ್ ಬಿಗಿದಿದ್ದೆ. ಈ ಆಂಟೆನಾಗೆ ಗಾಡಿಯ ತಗಡೇ ಇನ್ನರ್ಧ ಅಲ್ವಾ?

ಬೋಲ್ಟ್ ಬಿಚ್ಚಿ, ಎಮರಿ ಪೇಪರ್‌ನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಹೊಳೆಯುವ ತನಕ ಉಜ್ಜಿದೆ. ಹಲ್ಲಿರುವ ವಾಷರ್ ಹಾಕಿ ಬಿಗಿದೆ. ನಮ್ಮ ಮಳೆಗೆ ತುಕ್ಕು ಬೇಗ ಹಿಡಿಯುತ್ತೆ, ಹಾಗಾಗಿ ಮೇಲೆ ಗ್ರೀಸ್ ಜಾಸ್ತಿಯೇ ಮೆತ್ತಿದೆ. ಮೀಟರ್ 1.3ಕ್ಕೆ ಇಳೀತು.

ನಿನ್ನೆ ಭಾಗಮಂಡಲದ ದಾರಿಯಲ್ಲಿ ಕರೆದೆ. ಮಡಿಕೇರಿಯ ಗೆಳೆಯರು ತಕ್ಷಣ ಉತ್ತರ ಕೊಟ್ಟರು, ಪ್ರತಿ ಪದ ಸ್ಪಷ್ಟ.